ಅಕ್ಕನಾಗಮ್ಮನ ಬಿ ಸೈಡು

ಗುಡ್ಡಪ್ಪ ಸುಲಭಕ್ಕೆ ತನ್ನ ಹೆಸರು ಬರೆಸುವ ಆಸಾಮಿಯಲ್ಲ. ಜನಗಣತಿಯವರು ಬಂದಾಗಲೂ "ನಾನು ಈ ಮನಿಗೆ ನೆಂಟ, ಯಜಮಾನ್ರು ಊರಾಗಿಲ್ರಿ" ಎಂದು ಸಾಗಹಾಕಿದವನು. ಊರವರ ಹೆಸರು ಮಾತ್ರ ಅವನಿಗೆ ಬೇಕೇ ಬೇಕು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಅವನದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಯಾರು ಯಾವುದನ್ನು ಒಯ್ದರೆಂದು ಉದ್ದನೆ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಂದಿನ ಸಲ ಅದೇ ಹಾಡು ಮತ್ತೆ ಬೀಳಬಾರದಲ್ಲ! ಹದಿನೈದು ವರ್ಷ ಹೀಗೆ ಬರೆದ ಮೇಲೆ, ಯಾವ ಮನೆಯಲ್ಲಿ ಯಾರು ಯಾವುದಕ್ಕೆ ಅಳುತ್ತಾರೆ, ಯಾವುದಕ್ಕೆ ಸೊಂಟ ತಿರುಗಿಸುತ್ತಾರೆ ಎಂಬುದು ಅವನಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆ ಪುಸ್ತಕವನ್ನು ಅವನು ಯಾರಿಗೂ ತೋರಿಸಿದವನಲ್ಲ. ತೋರಿಸಿದ್ದರೆ ಅಂಗಡಿ ಅವತ್ತೇ ಮುಚ್ಚುತ್ತಿತ್ತು.

ಅದರಲ್ಲಿ ಅತಿ ಗುಟ್ಟಿನ ಪುಟ ಅಕ್ಕನಾಗಮ್ಮನದು. ಎಂ.ಸಿ.ಸಿ. 'ಬಿ' ಬ್ಲಾಕಿನ ಈ ಅರವತ್ತರ ಹೆಂಗಸು ವಚನ ಬಳಗದ ಮುಖ್ಯಸ್ಥೆ. ಹಣೆ ತುಂಬ ವಿಭೂತಿ ಹಚ್ಚಿ ಹೊರಟರೆ ಬೀದಿಯ ಸ್ಕೂಟರುಗಳೂ ಮೆಲ್ಲಗಾಗುತ್ತಿದ್ದವು. ಆಕೆಯ ಕ್ಯಾಸೆಟ್ಟಿನ ಎ ಸೈಡಿನಲ್ಲಿ ವಚನ. ಬಿ ಸೈಡಿನಲ್ಲಿ ಹಳೇ ಸಿನಿಮಾಗಳ ಕ್ಯಾಬರೆ. "ಬಿ ಸೈಡು ನಿಂಗೆ ಗೊತ್ತೈತಲ್ಲಪ್ಪ" ಎಂದಷ್ಟೇ ಹೇಳಿ ಹೋಗುತ್ತಿದ್ದಳು.

ತೊಂಬತ್ತೊಂಬತ್ತರಲ್ಲಿ ಗುಡ್ಡಪ್ಪ ಹಾಡು ತುಂಬಿಸಲೆಂದು ಅಂಗಡಿಗೆ ಕಂಪ್ಯೂಟರ್ ತಂದ. ಪಕ್ಕದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನಾಗಭೂಷಣ್, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಹಾಡಿನ ಸಾಫ್ಟ್‌ವೇರ್ ಹಾಕಿಕೊಟ್ಟ. ಪರದೆಯ ತುಂಬ ಇಂಗ್ಲಿಷು ಬಂತು. ಕೆಳಗೆ 'ಒಪ್ಪಿದೆ', 'ಒಪ್ಪಲಿಲ್ಲ' ಎಂಬ ಅರ್ಥದ ಎರಡು ಗುಂಡಿ.

"ಏನಂತ ಬರ್ದೈತ್ರಿ?"

"ಅದನ್ನ ಯಾರೂ ಓದಲ್ಲ ಗುಡ್ಡಪ್ಪಾರೆ. ಒಪ್ಪಿದೆ ಅಂತ ಒತ್ರಿ."

"ನಾನು ಓದದೇ ಒಪ್ಪಿದ್ದು ಅಂದ್ರೆ ಮದುವಿ ಒಂದೇ ನೋಡ್ರಿ. ಅದೇ ಇನ್ನೂ ಮುಗ್ದಿಲ್ಲ."

"ಒಪ್ಪಲಿಲ್ಲ ಅಂದ್ರೆ ಹಾಡೂ ಇಲ್ರಿ."

ಒತ್ತಿದ. ಮುಂದಿನ ಪರದೆ ಹೆಸರು, ವಿಳಾಸ ಕೇಳಿತು. 'ನೀವು ಕೇಳಿದ ಹಾಡುಗಳ ಪಟ್ಟಿ ನಮಗೆ ಬರಲಿ' ಎಂಬಲ್ಲಿ ಮೊದಲೇ ಟಿಕ್ ಬಿದ್ದಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಗುಡ್ಡಪ್ಪನ ಕಣ್ಣೆಲ್ಲ ಹೆಸರಿನ ಖಾನೆಯ ಮೇಲೆ. ತನ್ನದನ್ನು ಕೊಡಲು ಮನಸ್ಸಾಗಲಿಲ್ಲ. ಎದುರಿಗೆ ಪುಸ್ತಕ ತೆರೆದಿತ್ತು. ಆ ಪುಟದ ಹೆಸರು, ವಿಳಾಸ ಹೇಳಿಬಿಟ್ಟ. ನಾಗಭೂಷಣ್ ಟೈಪ್ ಮಾಡಿದ: ಅಕ್ಕನಾಗಮ್ಮ, ಎಂ.ಸಿ.ಸಿ. 'ಬಿ' ಬ್ಲಾಕ್. ಆಮೇಲೆ ಹೊಸ ಹಾಡಿಗೆಂದು ಕಂಪ್ಯೂಟರಿಗೆ ಟೆಲಿಫೋನ್ ತಂತಿ ಸಿಕ್ಕಿಸಿದಾಗಲೆಲ್ಲ ಅಂಗಡಿಯಲ್ಲಿ ಹಾಕಿದ ಹಾಡುಗಳ ಪಟ್ಟಿ ಮುಂಬಯಿಯ ಸಾಫ್ಟ್‌ವೇರ್ ಕಂಪನಿಗೆ ಹೊರಡುತ್ತಿತ್ತು.

ಎರಡು ತಿಂಗಳಿಗೆ ಅಕ್ಕನಾಗಮ್ಮ ಬಣ್ಣದ ಲಕೋಟೆ ಹಿಡಿದು ಅಂಗಡಿಗೆ ಬಂದಳು.

"ಏನಿದು ಗುಡ್ಡಪ್ಪ? ನನ್ ಸೊಸಿ ಬಳಗದ ಎಂಟು ಮಂದಿ ಮುಂದ ಗಟ್ಟಿಯಾಗಿ ಓದಿದ್ಳು. ಅಕ್ಕನಾಗಮ್ಮ ಇನ್ನೂರ ಹನ್ನೆರಡು ಸಲ ಕ್ಯಾಬರೆ ಕೇಳ್ಯಾರಂತೆ! ಅವ್ರ ಅಭಿರುಚಿಗೆ ಕಂಪನಿಯವ್ರು ಅಭಿನಂದನೆ ಬ್ಯಾರೆ ಹೇಳ್ಯಾರೆ!"

ಗುಡ್ಡಪ್ಪ ಹದಿನೈದು ವರ್ಷ ಕಾಪಾಡಿದ ಗುಟ್ಟು ಒಂದು ಗುಂಡಿಯಲ್ಲಿ ಹೋಗಿತ್ತು. ಬಳಗದಲ್ಲಿ ಆಕೆಯ ಮಾನ ಹೋದರೆ, ನಾಳೆಯಿಂದ ಅವನ ಕೈಗೆ ಚೀಟಿ ಕೊಡುವವರಾರು?

"ನನ್ ಹೆಸ್ರು ಕೊಡೋ ಮುಂದ ನನ್ನ ಕೇಳಿದ್ಯಾ?"

"ಇಲ್ಲ ಅಕ್ಕಾರೆ."

"ನಿಂದ್ ಯಾಕ ಕೊಡ್ಲಿಲ್ಲ?"

"ಹೆಸ್ರು ಹೊರಗ್ ಹೋದ್ರೆ ಏನಾಗ್ತೈತೋ ಅಂತ..."

"ಆಹಾ! ನಿನ್ ಹೆಸ್ರು ಬಂಗಾರ, ನಂದು ಹಳೇ ಚಪ್ಲಿ?" ಕಾಗದ ಬಿಡಿಸಿದಳು. "ಇನ್ನೂ ಐತೆ, ಕೇಳು. ಲಾರಿಯವ್ರ ಕವ್ವಾಲಿ ನೂರು ಸಲ. ಪ್ರೀತ್ಸಿದೋಳು ಕೈಕೊಟ್ಳು ಅಂತ ಗೋಳಾಡೋ ಹಾಡು ಮುನ್ನೂರ ನಲ್ವತ್ತು! ಅದ್ಯಾರ್ದು?"

ಗುಡ್ಡಪ್ಪ ತಲೆ ತಗ್ಗಿಸಿದ. ಗಿರಾಕಿ ಇಲ್ಲದಾಗ ಅವನು ಕೇಳುತ್ತಿದ್ದುದು ಆ ಗೋಳಿನ ಹಾಡುಗಳನ್ನೇ.

"ಕ್ಯಾಬರೆ ಕೇಳ್ತಾಳೆ ಅಂದ್ರೆ ಅನ್ಲಿ. ಅಳುಮುಂಜಿ ಅನ್ನಿಸ್ಕೊಳ್ಳೋದು ನನ್ ಕೈಲಾಗಲ್ಲ. ನಾಳೆ ಮನಿಗೆ ಬಂದು ಬಳಗದೋರಿಗೆ ನೀನೇ ಹೇಳು."

ಮರುದಿನ ಎಂಟು ಹೆಂಗಸರ ಎದುರು ನಿಂತು ಗುಡ್ಡಪ್ಪ ಹೇಳಿದ: "ಅಂಗ್ಡ್ಯಾಗ ಹಾಕಿದ್ ಹಾಡೆಲ್ಲ ಅಕ್ಕಾರ ಹೆಸರಿಗೆ ಬಿದ್ದಾವ್ರಿ. ಕೇಳದೇ ಹೆಸ್ರು ಕೊಟ್ಟೋನು ನಾನು."

"ಹಂಗಾರೆ ಆ ಕ್ಯಾಬರೆ ಯಾರ್ದಪ್ಪ?" ಎಂದಳು ಮುಂದೆ ಕೂತಿದ್ದ ಸುಂಕಲಮ್ಮ.

ಗುಡ್ಡಪ್ಪ ಅಕ್ಕನಾಗಮ್ಮನ ಕಡೆ ನೋಡಲಿಲ್ಲ. "ನಂದ್ರಿ."

ಎಂಟೂ ಮಂದಿ ಅವನನ್ನು ಮೇಲಿಂದ ಕೆಳಗೆ ನೋಡಿ, ತಕ್ಷಣ ನಂಬಿದರು. ಅಷ್ಟು ಬೇಗ ನಂಬಿದ್ದೇ ಅವನಿಗೆ ಬೇಸರ.

ಮರುವಾರ ಅಕ್ಕನಾಗಮ್ಮ ಎರಡು ಖಾಲಿ ಕ್ಯಾಸೆಟ್ ತಂದಿಟ್ಟಳು. "ಬಿ ಸೈಡು ನಿಂಗೆ ಗೊತ್ತೈತಿ. ಇನ್ನೊಂದು ಸುಂಕಲಮ್ಮಂದು, ಆಕಿಗೂ ಅದೇ ಬೇಕಂತೆ. ಕಂಪ್ಯೂಟರ್ನಾಗ ನನ್ ಹೆಸ್ರು ತೆಗ್ದು ನಿಂದು ಹಾಕು. ನಿನ್ ಒಪ್ಪಿಗಿ ಐತೇನು? ನಾನು ಕೇಳೇ ಮಾಡೋಳಪ್ಪ."

ಪಟ್ಟಿ ಕಳಿಸುವ ಆ ಟಿಕ್ ತೆಗೆಯುವ ಜಾಗ ನಾಗಭೂಷಣ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಗುಡ್ಡಪ್ಪ ಬದುಕಿನಲ್ಲಿ ಮೊದಲ ಸಲ ತನ್ನ ಹೆಸರನ್ನೂ ಹರಿಹರದ ವಿಳಾಸವನ್ನೂ ತಾನೇ ಹೇಳಿ ಬರೆಸಿದ.

ಈಗ ಬಣ್ಣದ ಲಕೋಟೆ ಹರಿಹರಕ್ಕೇ ಬರುತ್ತದೆ. ಒಡೆಯುವುದು ಹೆಂಡತಿ ಲಕ್ಷ್ಮೀದೇವಿ, ಎಸ್ಸೆಸ್ಸೆಲ್ಸಿ ಪಾಸಾದವಳು.

"ನಾನೂರು ಸಲ ಕ್ಯಾಬರೆ! ಅಂಗ್ಡಿಗೆ ಹೋಗಿ ಇದನ್ನ ಮಾಡ್ತೀರೇನ್ರಿ?"

ಚೀಲದಲ್ಲಿರುವ ಪುಸ್ತಕ ತೆಗೆದು ತೋರಿಸಿದರೆ ಬಚಾವು. ಗುಡ್ಡಪ್ಪ ಚೀಲವನ್ನು ಮೊಳೆಗೆ ನೇತುಹಾಕಿ, "ಹ್ಞೂಂ, ನಾನೇ ಕೇಳಿದ್ದು. ಉಣ್ಣಾಕ ಮುದ್ದಿ ಹಾಕು" ಎನ್ನುತ್ತಾನೆ.