ಮಾಗೋಡು ಇವತ್ತೇ

ಶಿರಸಿಯಲ್ಲಿ ಬಾಡಿಗೆ ಕಾರಿನ ಕೀಲಿ ಕೊಡುವಾಗ ಮಾಲೀಕರು ನಕ್ಕಿದ್ದರು. “ಬೆಳಿಗ್ಗೆ ಉಂಚಳ್ಳಿ, ಸಂಜೆ ಮಾಗೋಡು, ಒಂದೇ ದಿನಕ್ಕೆ ಆಗ್ತಿಲ್ಲೆ ಮೇಡಂ. ಹೆಗ್ಗರಣೆಲಿ ದಾರಿ ಮಾತ್ರ ಕೇಳಬೇಡಿ, ಊಟ ಮಾಡ್ಸದೆ ಬಿಡ್ತ್ವಿಲ್ಲೆ.”

“ಆಗುತ್ತೆ, ನೋಡ್ತಾ ಇರಿ” ಎಂದು ಹೊರಟಿದ್ದೆ.

ಉಂಚಳ್ಳಿ ಜಲಪಾತ ನೋಡಿ ಮರಳುವಾಗ ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ. ಹೆಗ್ಗರಣೆಯ ಒಂದು ಮನೆಯೆದುರು, ಮಾಗೋಡು ಜಲಪಾತಕ್ಕೆ ಹೋಗಲು ಯಲ್ಲಾಪುರದ ದಾರಿ ಕೇಳಿದೆ. “ಉಂಡ್ಕಂಡು ಹೋಗಿ, ಹೇಳ್ತೆ” ಎಂದರು ಮನೆಯ ಅಮ್ಮ.

ಊಟದ ಕೊನೆಗೆ ಅಪ್ಪೆಹುಳಿ ಬಂತು. ಮಾವಿನಮಿಡಿಯ ಆ ತಿಳಿಸಾರು ಕುಡಿದರೆ ನಿದ್ದೆ ಖಂಡಿತವಂತೆ. ಹಟಕ್ಕೆ ಬಿದ್ದು ಎರಡು ಲೋಟ ಕುಡಿದೆ. ಕೈತೊಳೆದು ಬರುವಷ್ಟರಲ್ಲಿ ಜಗುಲಿಯಲ್ಲಿ ಚಾಪೆ, ದಿಂಬು ಸಿದ್ಧ.

“ಒಂದ್ಗಳಿಗೆ ಮಲಗಿ. ಮಾಗೋಡು ಎಲ್ಲಿಗೂ ಓಡಿಹೋಗ್ತಿಲ್ಲೆ.”

ಇವತ್ತೇ ನೋಡುತ್ತೇನೆ. ಇದನ್ನು ಬೇಕೆಂದೇ ನಿಂತು ಬರೆಯುತ್ತಿದ್ದೇನೆ, ಕಂಬಕ್ಕೆ ಒರಗಿ.