ದೊರೆಯ ಶೋಕಸಭೆಯಲ್ಲಿ ನಾನು ಮಾಡಿದ ಭಾಷಣ

ದೊರೆ ಸತ್ತ ಸುದ್ದಿ ಬಂದಾಗ ನಾನು ದೇವದುರ್ಗದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಜವಾನ ಬಂದು ಕಿವಿಯಲ್ಲಿ ಉಸುರಿದ. ಶಾಲೆಗೆ ರಜೆ ಕೊಟ್ಟೆ, ಮಕ್ಕಳು ಕೇಕೆ ಹಾಕುತ್ತ ಓಡಿದರು. ಪೇಟೆಯಲ್ಲಿ ದೊಡ್ಡವರು ಕೇಕೆ ಹಾಕಲಿಲ್ಲ, ಅಷ್ಟೇ. ಆ ಸಂಜೆ ಎಷ್ಟೋ ಮನೆಗಳಿಂದ ಹೋಳಿಗೆಯ ವಾಸನೆ ಬಂತು.

ನಿಜಾಮರ ಆಳ್ವಿಕೆ ಇನ್ನೂ ಮುಗಿಯದ ಕಾಲ. ಕಾಗದದಲ್ಲಿ ಅವನು ಜಾಗೀರದಾರ. ಸುತ್ತಲಿನ ಹಳ್ಳಿಗಳಿಗೆ ಅವನೇ ದೊರೆ, ಅವನದೇ ಕಚೇರಿ, ಅವನದೇ ಶಿಕ್ಷೆ. ಬಿತ್ತುವ ಹದದಲ್ಲೇ ರೈತರನ್ನು ಬಿಟ್ಟಿ ದುಡಿಮೆಗೆ ಎಳೆಸುತ್ತಿದ್ದ. ಎದುರು ಮಾತಾಡಿದವರ ತಲೆಯ ಮೇಲೆ ಕಲ್ಲು ಹೊರಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ಆದರೆ ಜನ ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಶಪಿಸುತ್ತಿದ್ದದ್ದು ಹೊಳೆದಂಡೆಯ ಗೂಗಲ್ ಹಳ್ಳಿಯ ಅಂಬಿಗನ ವಿಷಯಕ್ಕೆ. ಕೃಷ್ಣೆ ತುಂಬಿ ಹರಿಯುತ್ತಿದ್ದ ದಿನ, ಆಚೆ ದಂಡೆಯಿಂದ ದೊರೆಯ ಅತ್ತೆಯನ್ನು ಕರೆತಾ ಎಂದು ಅವನ ಮನೆ, ವಾಡೆಯಿಂದ ಅಪ್ಪಣೆ ಬಂದಿತ್ತು. ಅಂಬಿಗ ಕೈಮುಗಿದು ಬೇಡವೆಂದ. ಆಳುಗಳು ಹೊಡೆದು ಹರಿಗೋಲು ಹತ್ತಿಸಿದರು. ಹರಿಗೋಲು ಸಿಕ್ಕಿತು, ಅವನು ಸಿಗಲಿಲ್ಲ.

ಶೋಕಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬರಬೇಕೆಂದು ಡಂಗುರ ಹೊಡೆಸಿದರು. ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ ತಹಶೀಲ್ದಾರ ಸಾಹೇಬರಿಗೆ ಉರ್ದು ಬಿಟ್ಟು ಬೇರೆ ಬರುತ್ತಿರಲಿಲ್ಲ. ನಾನು ಮಾನ್ವಿಯ ಹುಡುಗ, ರಾಯಚೂರಿನಲ್ಲಿ ಉರ್ದು ಕಲಿತವನು. ತಾವು ಬರೆದ ಗುಣಗಾನದ ಹಾಳೆಯನ್ನು ನನ್ನ ಕೈಗಿತ್ತು, ಜನರಿಗೆ ಕನ್ನಡದಲ್ಲಿ ಹೇಳು ಎಂದರು. ಸುಳ್ಳೇಕೆ, ನನಗೆ ಸಂಕಟವಾಗಲಿಲ್ಲ, ಹಿಗ್ಗಾಯಿತು! ಇಪ್ಪತ್ತಮೂರರ ವಯಸ್ಸು. ಅಷ್ಟು ಜನರ ಮುಂದೆ ಮಾತಾಡುವುದೆಂದರೆ! ಶೇರ್ವಾನಿಗೆ ಎರಡು ಸಲ ಇಸ್ತ್ರಿ ಹೊಡೆಸಿದೆ.

ವಾಡೆಯ ಅಂಗಳ ತುಂಬಿ ಹೋಗಿತ್ತು. ಪಡಸಾಲೆಯಲ್ಲಿ ಸಾಹೇಬರು, ಅವರ ಪಕ್ಕ ಕಚೇರಿಯ ಗುಮಾಸ್ತ ಪೇಶ್ಕಾರ, ಹಿಂದೆ ಒಂದು ಪರದೆ. ನಾನು ಎದ್ದು ಗಂಟಲು ಸರಿಮಾಡಿಕೊಂಡು, “ನಮ್ಮ ದೊರೆ ಬಡವರ ತಂದೆ,” ಎಂದೆ. ಯಾರೋ ಕೆಮ್ಮಿದರು. ಹಾಳೆಯಿಂದ ತಲೆ ಎತ್ತಿದೆ. ಮುಂದಿನ ಸಾಲಿನಲ್ಲೇ ಅಂಬಿಗನ ಹೆಂಡತಿ ಕೂತಿದ್ದಳು, ನನ್ನ ಬಾಯನ್ನೇ ನೋಡುತ್ತ.

ಆಮೇಲೆ ಆದದ್ದು ನಾನು ಯೋಚಿಸಿ ಮಾಡಿದ್ದಲ್ಲ. ಅದೇ ಅಳುವ ದನಿಯಲ್ಲಿ, ಹಾಳೆ ಓದುವವನಂತೆ, “ಅರಕೇರಾದ ಹಿರಿಯರ ತಲಿ ಮ್ಯಾಲ ಕಲ್ಲು ಹೊರಿಸಿದ್ದನ್ನ ನಾವು ಮರೆಯೋದುಂಟೇನು?” ಎಂದುಬಿಟ್ಟೆ.

ಅಂಗಳದಲ್ಲಿ ಬಗ್ಗಿದ್ದ ತಲೆಗಳೆಲ್ಲ ಮೇಲೆದ್ದವು. ಪೇಶ್ಕಾರನಿಗೆ ಕನ್ನಡ ಬರುತ್ತಿತ್ತು! ಅವನು ನನ್ನತ್ತ ಒಮ್ಮೆ ನೋಡಿ, ತಲೆ ಬಗ್ಗಿಸಿ ಲೇಖನಿಯ ಮೊನೆ ಒರೆಸತೊಡಗಿದ. ಸಾಹೇಬರು ಹೂಂಗುಟ್ಟಿದರು. ಇನ್ನೇನು, ನನ್ನನ್ನು ಹಿಡಿಯುವವರೇ ಇರಲಿಲ್ಲ. ಕಸಿದ ಹೊಲ, ಬಿಚ್ಚಿಸಿದ ರುಮಾಲು, ಬಿಟ್ಟಿಗೆ ಹೋಗಿ ಬೀಳುಬಿದ್ದ ಭೂಮಿ, ಒಂದೊಂದನ್ನೂ ಊರಿನ ಹೆಸರು ಹಿಡಿದು ಹೇಳಿದೆ. ಜನ ನಗು ತಡೆಯಲು ಶಲ್ಯ ಕಚ್ಚಿಕೊಂಡರು. ಹಿಂದಿನಿಂದ ಒಬ್ಬ, “ಇನ್ನಷ್ಟು ಹೊಗಳ್ರೀ ಮಾಸ್ತರ್ರ!” ಎಂದು ಕೂಗಿದ.

ಗೂಗಲ್ಲಿನ ಮಾತು ಬಂದಾಗ ನಗು ನಿಂತಿತು. ಅಂಬಿಗನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳ ಹಿಂದೆ ಹೆಂಗಸರೆಲ್ಲ ಅತ್ತರು, ಗಂಡಸರೂ ಕಣ್ಣೊರೆಸಿಕೊಂಡರು. ಸಾಹೇಬರು ಬೆರಗಾಗಿ, “ಜನಕ್ಕೆ ಎಂಥ ಪ್ರೀತಿ!” ಎಂದು ಉರ್ದುವಿನಲ್ಲಿ ಉದ್ಗರಿಸಿದರು. ಎಂಟು ದಿನದ ಮೇಲೆ ನನಗೆ ಮೆಚ್ಚುಗೆಯ ಪತ್ರ ಬಂತು, ಮಾನ್ವಿಗೆ ಹೆಡ್ ಮಾಸ್ತರನಾಗಿ ವರ್ಗವೂ ಆಯಿತು.

ಆದರೆ ಅವತ್ತು ಸಭೆ ಮುಗಿಯುತ್ತಲೇ ಮುದುಕಿಯೊಬ್ಬಳು ಬಂದು, “ದೊರೆಸಾನಿಯವರು ಕರಿಯಾಕತ್ತಾರ,” ಎಂದಳು. ಪರದೆಯ ಹಿಂದೆ ಯಾರಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ! ದೊರೆಯ ಹೆಂಡತಿ ನಮ್ಮ ಸೀಮೆಯವರೇ. ಒಂದಕ್ಷರ ಬಿಡದೆ ಕೇಳಿದ್ದರು. ಇವತ್ತು ನನ್ನ ತಲೆಗೂ ಕಲ್ಲು ಎಂದುಕೊಂಡೆ.

“ನೀವು ಹೇಳಿದ್ದೆಲ್ಲಾ ಖರೆ ಅದ ಮಾಸ್ತರ್ರ,” ಎಂದಿತು ಪರದೆಯ ಹಿಂದಿನ ದನಿ. “ಒಂದು ಮಾತು ಮಾತ್ರ ತಪ್ಪು ಅದ. ಅಂಬಿಗನ್ನ ಹೊಳಿಗಿ ಇಳಿಸಿದ್ದು ಅವರಲ್ಲ. ನಾನು.”

ನಾನು ಹಾಳೆ ಮಡಿಚಿ ಜೇಬಿಗಿಟ್ಟೆ.

“ನನಗ ಹೆರಿಗಿ ಬ್ಯಾನಿ ಎದ್ದಿತ್ತು. ಅವ್ವ ಬೇಕಂತ ಹಟ ಹಿಡಿದೆ. ಹೊಳಿ ಇಳೀಲಿ, ಆಮ್ಯಾಲ ಕರಸ್ತೀನಿ ಅಂದ್ರು. ಅವರಿಗಿ ಗೊತ್ತಾಗದಂಗ ನಾನ ಆಳು ಕಳಿಸಿದೆ. ಅಂವ ಸತ್ತ. ನನ್ನ ಕೂಸೂ ಉಳೀಲಿಲ್ಲ. ಜನ ಅವರಿಗಿ ಶಾಪ ಹಾಕಿದ್ರು. ನಾನು ಹೇಳಿಬಿಡ್ತೀನಿ ಅಂದ್ರ, ‘ನನ್ನ ಹೆಸರಿನ್ಯಾಗ ಇನ್ನೊಂದು ಸೇರಿದ್ರ ಏನಾತು’ ಅಂತ ಆಣಿ ಮಾಡಿಸಿಕೊಂಡ್ರು. ಈಗ ಅವರಿಲ್ಲ. ಆ ಅಂಬಿಗನ ಹೆಂಡ್ತಿನ್ನ ಕರಕೊಂಡು ಬರ್ರಿ.”

ಹೊರಗೆ ಓಡಿದೆ. ಅಂಬಿಗನ ಹೆಂಡತಿ ಬೇವಿನ ಮರದ ಕೆಳಗೆ ಊರಿನವರ ಬಂಡಿಗೆ ಕಾಯುತ್ತಿದ್ದಳು. ಕೇಳಿದ್ದನ್ನು ಇದ್ದಂತೆ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಡೆದಳು, ಬಾಗಿಲ ಆಳುಗಳನ್ನು ಕಣ್ಣೆತ್ತಿ ನೋಡದೆ ಒಳಕ್ಕೆ ಹೋದಳು. ನಾನು ಅಂಗಳದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವಳ ಕೂಗು, ವಾಡೆಯ ತೊಲೆಗಳು ಅದುರುವ ಹಾಗೆ! ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ ಒಳಗೆ ಹೆಜ್ಜೆ ಇಟ್ಟ. “ಯಾರೂ ಬರಬ್ಯಾಡ್ರಿ!” ಎಂದು ದೊರೆಸಾನಿಯ ದನಿ ಕೇಳಿತು.

ಬಹಳ ಹೊತ್ತಿನ ಮೇಲೆ ಅಂಬಿಗನ ಹೆಂಡತಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು.

“ಏನಾತು ಯವ್ವಾ?”

“‘ಇಷ್ಟು ವರ್ಷ ನಾ ಬ್ಯಾರೆಯವರಿಗಿ ಬೈದೆ’ ಅಂದೆ. ‘ಈಗ ನನಗ ಬೈಯಿ’ ಅಂದ್ರು ದೊರೆಸಾನಿ. ಬೈದೆ ಮಾಸ್ತರ್ರ, ಹೊಟ್ಟಿ ತುಂಬ ಬೈದೆ. ಪರದಿ ಸರಿಸಿ ಎದುರಿಗಿ ಕುಂತು ಕೇಳಿದ್ರು.”

ಬಂಡಿ ಬಂತು. ಅವಳು ಹತ್ತಿದಳು; ಊರ ಹೊರಗಿನವರೆಗೆ ನಾನೂ ಪಕ್ಕದಲ್ಲಿ ನಡೆದೆ. ದಾರಿಯುದ್ದಕ್ಕೂ ಗಂಡನ ಸುದ್ದಿಯೇ: ತೊಗರಿ ಬೇಳೆ ಅಂದರೆ ಜೀವ ಬಿಡುತ್ತಿದ್ದ, ಹಾಡಿದರೆ ಎಮ್ಮೆಗಳು ಬೆದರುತ್ತಿದ್ದವು, ಈಜಿನಲ್ಲಿ ಅವನನ್ನು ಸೋಲಿಸಿದವರು ಗೂಗಲ್ಲಿನಲ್ಲೇ ಇರಲಿಲ್ಲ. ಹೇಳುತ್ತ ಹೇಳುತ್ತ ಒಮ್ಮೆ ಜೋರಾಗಿ ನಕ್ಕುಬಿಟ್ಟಳು. ಬಂಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.