ಅಕ್ಕ ಬೋರಲು ಮಲಗಿ ನೋಡಿದ ಹಕ್ಕಿಗಳು

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಕನ ಮಣಿಕಟ್ಟಿಗೆ ಎಚ್ಚರಿಕೆಯ ಒಂದು ಹಸಿರು ಪಟ್ಟಿ ಕಟ್ಟಿದರು. ಹರಿದ ಕಣ್ಣಿನ ಪರದೆಯನ್ನು ಒತ್ತಿ ಹಿಡಿಯಲು ಒಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದೇವೆ, ಅದು ತಾನಾಗಿ ಕರಗಲು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ, ಎತ್ತರದ ಪರ್ವತಗಳಿಗೆ ಹೋಗುವಂತಿಲ್ಲ, ಹೋದರೆ ಗುಳ್ಳೆ ಉಬ್ಬಿ ಕಣ್ಣೇ ಹೋದೀತು ಎಂದರು ಡಾಕ್ಟರು. ನಾನು ಔಷಧದ ಚೀಟಿಯ ಹಿಂದೆ ‘ವಿಮಾನ ಇಲ್ಲ’ ಎಂದು ಬರೆದು ಕೆಳಗೆ ಎರಡು ಗೀಟು ಎಳೆದೆ. ನಮ್ಮ ಮನೆತನದಲ್ಲಿ ಈವರೆಗೆ ವಿಮಾನ ಹತ್ತಿದವರು ಯಾರೂ ಇಲ್ಲ.

“ಐವತ್ತೆಂಟ ವರ್ಷ ಯಾರೂ ನನಗ ಇಮಾನ ಹತ್ತಬ್ಯಾಡ ಅಂದಿರಲಿಲ್ರಿ ಡಾಕ್ಟರ,” ಎಂದಳು ಅಕ್ಕ, ತಲೆ ಬಗ್ಗಿಸಿಕೊಂಡೇ. “ಈಗ ನೀವು ಅಂದ ಕೂಡ್ಲೆ ಹತ್ತಬೇಕ ಅನಸಾಕತ್ತೈತಿ.”

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಇವಳು ಎಲ್ಲಿ ಖರೆ ಖರೆ ಟಿಕೆಟ್ ತೆಗೆಸಿಬಿಡುತ್ತಾಳೋ ಎಂದು ಆ ಕ್ಷಣವೇ ಚಿಂತೆ ಶುರುವಾಗಿತ್ತು.

ಚಿಂತೆ ನನ್ನ ಹವ್ಯಾಸ. ವೃತ್ತಿಯಿಂದ ನಾನು ಬೈಲಹೊಂಗಲ ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಗಾಜಿನ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಯಾವ ಊರ ಮೇಲೆ ಹಾಯ್ದು ಎಲ್ಲಿಗೆ ಹೋಗುತ್ತದೆ ಎಂದು ಮೈಕಿನಲ್ಲಿ ಕೂಗುತ್ತ ಅರ್ಧ ಆಯುಷ್ಯ ಬೇರೆಯವರನ್ನು ಊರಿಗೆ ಕಳಿಸಿದ್ದೇನೆ. ನಾನು ಹೋದ ಅತಿ ದೂರದ ಊರು ಗೋವಾ. ಅಲ್ಲಿ ಅಲೆಗಳು ಯಾಕೋ ದೊಡ್ಡವಾಗುತ್ತಿವೆ ಎನ್ನಿಸಿ ಮಧ್ಯಾಹ್ನವೇ ತಿರುಗಿ ಬಂದೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಮುರಗೋಡದಲ್ಲಿ ಬಸ್ಸಿಳಿದು ಮನೆಗೆ ಮರಳಿದವನು ನಾನು. “ಇವರು ಚಿಂತಿ ಮಾಡೂದ ಬಿಟ್ಟರ ನನಗ ಚಿಂತಿ ಹತ್ತತೈತಿ” ಎನ್ನುತ್ತಾಳೆ ನನ್ನ ಹೆಂಡತಿ.

ಇಂಥ ನಾನು ಚಿಂತೆ ಮಾಡಲೇಬೇಕಾದ ಒಂದೇ ಒಂದು ಸಲ ಮಾಡಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ರಾಮದುರ್ಗದಲ್ಲಿ ಒಂದು ಕೋಣೆಯ ಅಂಗಡಿ ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರ ಜಂಪರು ಅರ್ಧ ಇಂಚು ಬಿಗಿಯಾಗುತ್ತದೆ ಎಂದು ಊರಿನಲ್ಲಿ ಮಾತಿದೆ. ಅವಳ ಎಡಗಣ್ಣು ಹುಟ್ಟಿನಿಂದ ಮಬ್ಬು. ದುಡಿದದ್ದೆಲ್ಲ ಬಲಗಣ್ಣು. ದೀಪಾವಳಿಯ ಹೊಲಿಗೆಯ ಗಡಿಬಿಡಿಯಲ್ಲಿ ಒಂದು ದಿನ ಫೋನ್ ಮಾಡಿದಳು.

“ತಮ್ಮಾ, ಕಣ್ಣಾಗ ಕಾಗಿ ಹಾರಾಕತ್ತಾವೋ. ಸಣ್ಣಸಣ್ಣವು.”

“ಎಷ್ಟ ಅದಾವ?”

“ನಿಂತ್ರ ಎಣಸತಿದ್ನಿ.”

ವಯಸ್ಸಾಯಿತು ಅಕ್ಕಾ, ಚಷ್ಮಾ ನಂಬರು ಬದಲಾಗಿರಬೇಕು, ಏನೂ ಆಗಿಲ್ಲ, ಹಬ್ಬ ಮುಗಿಸಿ ಬಾ ಎಂದೆ. ಎಂಟು ದಿನ ದಿನಾಲೂ ಫೋನ್ ಬಂತು. ಎಂಟು ದಿನವೂ ಏನೂ ಆಗಿಲ್ಲ ಎಂದೆ. ಒಂಬತ್ತನೆಯ ದಿನ ಕಾಗೆಗಳ ಮೇಲೆ ಕಪ್ಪು ಪಡದೆ ಇಳಿದು ಅರ್ಧ ಬಲಗಣ್ಣು ಮುಚ್ಚಿತು. ಎರಡು ಸೀನು ಬಂದರೆ ದವಾಖಾನೆಗೆ ಓಡುವ ನನಗೆ ಅವಳ ಕಾಗೆಗಳು ಯಾಕೆ ಭಯ ಹುಟ್ಟಿಸಲಿಲ್ಲವೋ, ಈಗಲೂ ತಿಳಿಯದು. ಬಹುಶಃ ಅವಳು ನಗುತ್ತ ಹೇಳಿದ್ದಳು. ನಗುತ್ತ ಹೇಳಿದ್ದನ್ನು ನಂಬುವುದು ಸುಲಭ.

ಆಪರೇಶನ್ ಆದಮೇಲೆ ಹತ್ತು ದಿನ ಅಕ್ಕ ಬೋರಲಾಗಿಯೇ ಇರಬೇಕಿತ್ತು. ಗುಳ್ಳೆ ಮೇಲೇರಿ ಪರದೆಯನ್ನು ಒತ್ತಬೇಕಾದರೆ ಮುಖ ನೆಲಕ್ಕೆ ಇರಬೇಕು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿ, ತಲೆಯ ಕಡೆ ಒಂದು ಸ್ಟೂಲಿಟ್ಟು, ಅದರ ಮೇಲೆ ಕೌದಿಯನ್ನು ಸಿಂಬಿಯಂತೆ ಸುತ್ತಿ ಹಣೆಗೆ ಆಸರೆ ಮಾಡಿದೆವು. ಚಹಾ ಕುಡಿಯುವುದು ಕೊಳವೆಯಲ್ಲಿ. ಎಡಗಣ್ಣಿನ ಮಬ್ಬಿನಲ್ಲಿ ಅವಳಿಗೆ ಕಾಣುತ್ತಿದ್ದದ್ದು ನೆಲದ ಫರಸಿಕಲ್ಲು ಮತ್ತು ನನ್ನ ಪಾದ.

“ಉಗುರ ತಕ್ಕೋ ಮೊದಲ,” ಎಂದಳು ಮೊದಲ ದಿನವೇ. “ಮಬ್ಬಗಣ್ಣಿಗೂ ಕಾಣಸ್ತಾವ.”

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತೆ. ಕಣ್ಣು ಉಳಿಯುತ್ತದೋ ಇಲ್ಲವೋ ಎಂಬ ಮಾತು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಡಾಕ್ಟರು ಸಹ “ನೋಡೋಣ” ಎಂದಷ್ಟೇ ಅಂದಿದ್ದರು. ಕಣ್ಣಿನ ಡಾಕ್ಟರು ಆ ಶಬ್ದ ಬಳಸಬಾರದು ಎಂದು ನನ್ನ ಅಭಿಪ್ರಾಯ.

“ಕಾಗಿ ನೋಡಿ ನೋಡಿ ಸಾಕಾಗೈತಿ,” ಎಂದಳು ಅಕ್ಕ ನೆಲದ ಕಡೆಗೆ. “ಬ್ಯಾರೆ ಹಕ್ಕಿ ತೋರಸು. ಜಗತ್ತೆಲ್ಲಾ ತಿರಗೂನು. ಮೋಬೈಲ್ದಾಗ ನೋಡಿ ಹೇಳ್ಕೋತ ಹೋಗು, ನಾ ನೋಡ್ಕೋತ ಬರತೇನಿ.”

ನನಗೆ ಗೊತ್ತಿದ್ದದ್ದು ಒಂದೇ ರೀತಿ. ಗಂಟಲು ಸರಿ ಮಾಡಿಕೊಂಡೆ. “ಪ್ರಯಾಣಿಕರ ಗಮನಕ್ಕೆ. ಸವದತ್ತಿ, ರಾಮದುರ್ಗ ಮಾರ್ಗವಾಗಿ ಆಫ್ರಿಕಾಕ್ಕೆ ಹೋಗುವ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿದೆ.”

“ರಾಮದುರ್ಗಕ್ಕ ಯಾಕೋ?”

“ನಿನ್ನ ಅಂಗಡಿ ಕೀಲಿ ಬರೋಬರಿ ಬಿದ್ದೈತೋ ಇಲ್ಲೋ ನೋಡ್ಕೊಂಡ ಹೋಗೂನು.”

ಮಂಚ ಅಲುಗಿತು. ನಗುತ್ತಿದ್ದಳು. ನಗಬಹುದೋ ಬಾರದೋ ಡಾಕ್ಟರನ್ನು ಕೇಳಿರಲಿಲ್ಲವಲ್ಲ ಎಂದು ನಾನು ಹೆದರಿದೆ.

ಆಫ್ರಿಕಾದಲ್ಲಿ ಉಷ್ಟ್ರಪಕ್ಷಿ ನೋಡಿದೆವು. ನಾನು ಫೋನಿನಲ್ಲಿ ಓದಿ ಎತ್ತರ, ಬಣ್ಣ, ಓಟ ಎಲ್ಲ ಹೇಳಿದೆ. ಅಕ್ಕ ಎಲ್ಲವನ್ನೂ ಹೊಲಿಗೆಯವಳ ಕಣ್ಣಿನಿಂದ ನೋಡಿದಳು. “ಮೈಗೆ ಅಷ್ಟೆಲ್ಲಾ ಅರಿವಿ ಹಾಕಿ ಕಾಲಿಗೆ ಒಂದ ಚೂರೂ ಉಳಸಿಲ್ಲಲ್ಲೋ. ಯಾವನೋ ಅಳತಿ ತಪ್ಪಿದಾನ.” ಮರುದಿನ ನ್ಯೂಜಿಲೆಂಡಿನ ಕಿವಿ ಹಕ್ಕಿ. ಅದು ಹಳೆಯ ಕೌದಿಯ ದಾರ ಬಿಚ್ಚಿದ ಹಾಗಿದೆ ಎಂದಳು. ಮೂರನೆಯ ದಿನ ದಕ್ಷಿಣ ಧ್ರುವದ ಪೆಂಗ್ವಿನ್ನುಗಳ ಕೋಟಿಗೆ ಗುಂಡಿಯಿಲ್ಲ ಎಂದು ತಕರಾರು. ಹೆಂಡತಿ ಅಡುಗೆಮನೆಯಿಂದಲೇ ಜೊತೆಗೆ ಬರುತ್ತಿದ್ದಳು. “ಅಲ್ಲಿ ಥಂಡ್ಯಾಗ ರೊಟ್ಟಿ ಕಡಕ ಇರ್ತಾವ, ಅಂಜಬ್ಯಾಡ್ರಿ. ಶೇಂಗಾ ಚಟ್ನಿ ಎರಡ ಡಬ್ಬಿ ಇಟ್ಟೇನಿ.” ನಾನು ಬಿ.ಪಿ. ಗುಳಿಗೆ ಇಟ್ಟಿದ್ದೀಯಾ ಎಂದು ಕೇಳಿದೆ. ತಮಾಷೆಗಲ್ಲ, ಬಾಯಿಂದ ಬಂದುಬಿಟ್ಟಿತು.

ನಾಲ್ಕನೆಯ ದಿನ ಆಸ್ಟ್ರೇಲಿಯಾದ ಎಮು ವರ್ಣನೆ ನಡೆದಿರುವಾಗ ಅಕ್ಕ ತಡೆದಳು.

“ತಮ್ಮಾ, ನಾಕ ದಿನ ಆತು. ಹಾರೂ ಹಕ್ಕಿ ಒಂದೂ ಇಲ್ಲೇನು ಜಗತ್ತಿನ್ಯಾಗ?”

ನಾನು ಬೆರಳು ಮಡಚಿ ಎಣಿಸಿದೆ. ಉಷ್ಟ್ರಪಕ್ಷಿ, ಕಿವಿ, ಪೆಂಗ್ವಿನ್, ಎಮು. ದೇವರಾಣೆ, ಆಲೋಚಿಸಿ ಆರಿಸಿದ್ದಲ್ಲ.

“ಮತ್ತ ಎಲ್ಲಾ ಕಡೆ ಬಸ್ಸಿಲ್ಲಾ ಹಡಗ. ಆಂಡಿಸ್ ಪರ್ವತದಾಗ ದೊಡ್ಡ ಹದ್ದು ಐತಿ, ತೋರಸು ಅಂದ್ರ, ಘಟ್ಟದ ರಸ್ತೆ ಕುಸದೈತಿ ಅಂದಿ ನಿನ್ನಿ.”

“ಡಾಕ್ಟರು ಎತ್ತರಕ್ಕ ಬ್ಯಾಡ ಅಂದಾರಲ್ಲ,” ಎಂದೆ ಮೆಲ್ಲಗೆ.

ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು. ಹೆಂಡತಿ ಬಾಗಿಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. “ಅಕ್ಕಾರ, ನಿಮಗ ಇದ ಗೊತ್ತಿಲ್ಲ. ಗುಳ್ಳಿ ಕರಗೂದರಾಗ ಎಲ್ಲಮ್ಮನ ಗುಡ್ಡಕ್ಕ ಹೋಗಿ ಉಡಿ ತುಂಬಿ ಬರೂನು ಅಂದಿದ್ನಿ. ಇವರು ಡಾಕ್ಟರಗೆ ಫೋನ್ ಹಚ್ಚಿ, ಉಗರಗೋಳದಿಂದ ಗುಡ್ಡ ಎಷ್ಟ ಎತ್ತರ ಐತಿ, ಗಾಡಿ ಸಾವಕಾಶ ಹೊಡದ್ರ ನಡೀತೈತೇನು ಅಂತ ಕೇಳ್ಯಾರ್ರೀ.”

“ಡಾಕ್ಟರ ಏನಂದ್ರು?”

“ಯಜಮಾನ್ರ, ಅದು ಹಿಮಾಲಯ ಅಲ್ಲ ಅಂದ್ರಂತ.”

ಅಕ್ಕ ಮಂಚದ ಅಂಚಿನಿಂದ ಕೈ ಇಳಿಬಿಟ್ಟು ನನ್ನ ತಲೆ ಹುಡುಕಿದಳು. ಸಿಕ್ಕಿದ್ದು ಕಿವಿ. ಅದನ್ನೇ ಹಿಡಿದುಕೊಂಡಳು. “ಹುಚ್ಚಪ್ಪಾ, ಮನಸಿನ್ಯಾಗ ಹತ್ತೂ ಇಮಾನಕ್ಕ ಗುಳ್ಳಿ ಉಬ್ಬೂದಿಲ್ಲೋ. ನಡಿ, ಹಾರಸು.”

ಐದನೆಯ ದಿನ ವಿಮಾನ ಹತ್ತಿದೆವು. ಅದು ನೆಲ ಬಿಡುತ್ತದೆ ಎಂದು ಹೇಳುವಾಗ ನಾನು ಮಂಚದ ಕಾಲು ಹಿಡಿದುಕೊಂಡಿದ್ದೆ. ಆಂಡಿಸ್ ಪರ್ವತದ ಹದ್ದು ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವುದನ್ನು ನೋಡಿದೆವು. ಕೆನ್ಯಾದ ಕೆರೆಯ ತುಂಬ ಗುಲಾಬಿ ರಾಜಹಂಸಗಳು. ಜಪಾನಿನ ಹಿಮದಲ್ಲಿ ಕುಣಿಯುವ ಕೊಕ್ಕರೆಗಳನ್ನು ಅವಳು ಎರಡು ಸಲ ಹೇಳಿಸಿದಳು. ಗಂಡು ಹೆಣ್ಣು ಎರಡೂ ಕುಣಿಯುತ್ತವೋ ಎಂದು ಕೇಳಿದಳು. ಹೌದು ಎಂದೆ. “ಹಂಗಿದ್ರ ಮದುವಿ ಆಗಬಹುದಿತ್ತು,” ಎಂದಳು.

ಒಂಬತ್ತನೆಯ ದಿನ ನನ್ನ ಫೋನಿನ ದೇಶಗಳನ್ನು ಬೇಡವೆಂದಳು. ಅಂದು ಅವಳೇ ಕರೆದುಕೊಂಡು ಹೋದದ್ದು ಕಿತ್ತೂರಿಗೆ. ನಾವು ಹುಟ್ಟಿ ಬೆಳೆದದ್ದು ಅಲ್ಲಿ. ಕೋಟೆಯ ಹಳೆಯ ಗೋಡೆಯಲ್ಲಿ ಗಿಳಿಗಳು ಗೂಡು ಮಾಡುತ್ತಿದ್ದವು. ನನಗೆ ನಾಲ್ಕೋ ಐದೋ ವರ್ಷ. ಮರಿ ನೋಡಬೇಕೆಂದು ಹಟ ಹಿಡಿದೆನಂತೆ. ಅಕ್ಕ ನನ್ನನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು ಗೋಡೆ ಹಿಡಿದು ನಿಂತಿದ್ದಳಂತೆ.

“ಏನ ಕಾಣತೈತೋ ಅಂದ್ರ ಸುಮ್ನ ನಿಂತಿದ್ದಿ. ಆಮ್ಯಾಲ ಹೇಳಿದಿ, ‘ಅಕ್ಕಾ, ಒಳಗ ಹಾವ ಇದ್ರ?’ ನನ್ನ ಹೆಗಲ ಮುರದ ಹೋಗಾಕತ್ತಿದ್ವು. ನೀ ಹಾವಿನ ಚಿಂತಿ ಮಾಡ್ಕೋತ ನಿಂತಿದ್ದಿ.”

“ಮರಿ ಇದ್ದುವೇನು?”

“ನನಗೇನ ಗೊತ್ತು? ಮ್ಯಾಲ ಇದ್ದಾಂವ ನೀನು.”

ನನಗೆ ನೆನಪಿರಲಿಲ್ಲ. ಅವಳ ಹೆಗಲು ಮಾತ್ರ ನೆನಪಿತ್ತು, ಅಂಗಿಯ ಕೆಳಗಿನ ಎಲುಬು, ನನ್ನ ಅಂಗಾಲಿಗೆ ಒತ್ತಿದ್ದು. ಅವತ್ತು ಹೇಗೋ ಬಾಯಿ ಬಿಟ್ಟೆ.

“ಅಕ್ಕಾ, ಎಂಟ ದಿನ ಫೋನ್ ಮಾಡಿದಿ. ನಾ ಏನೂ ಆಗಿಲ್ಲ ಅಂದ್ನಿ.”

ಹೋಗಲಿ ಬಿಡು ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

“ಹೌದು, ಅಂದಿ,” ಎಂದಳು. “ಅದಕ್ಕ ನಿನಗ ಫೋನ್ ಮಾಡಿದ್ನಿ. ದವಾಖಾನಿಗೆ ಹೋದ್ರ ಏನರ ಆಗೈತಿ ಅಂತಿದ್ರು. ನನಗೂ ಅಂಜಿಕಿ ಇತ್ತೋ ತಮ್ಮಾ. ಅಂಜಿಕಿ ನಿನ್ನ ಒಬ್ಬನ ಆಸ್ತಿ ಏನು?”

ಅವಳು ಅಂಜುತ್ತಾಳೆಂಬುದು ಐವತ್ತೆರಡು ವರ್ಷ ನನಗೆ ಹೊಳೆದಿರಲಿಲ್ಲ.

ಹತ್ತು ದಿನ ಮುಗಿದು ಅಕ್ಕ ಎದ್ದು ಕುಳಿತಳು. ಕಣ್ಣಿನಲ್ಲಿ ಗುಳ್ಳೆ ಇನ್ನೂ ಇತ್ತು. ಗಾಜಿನ ಲೋಟದ ಅಡಿಯಲ್ಲಿ ನೀರು ತುಳುಕಿದ ಹಾಗೆ ಕೆಳಗೆ ಅಲ್ಲಾಡುತ್ತದೆ, ಮೇಲೆ ಒಂದಿಷ್ಟು ಬೆಳಕು ಎಂದಳು. ದಿನದಿಂದ ದಿನಕ್ಕೆ ನೀರು ಇಳಿಯಿತು, ಬೆಳಕು ಅಗಲವಾಯಿತು. ಇವತ್ತು ಎಲ್ಲಿತನಕ ಎಂದು ನಾನು ದಿನಾಲೂ ಕೇಳಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಕರಗಿತು. ಡಾಕ್ಟರು ಮಣಿಕಟ್ಟಿನ ಹಸಿರು ಪಟ್ಟಿ ಕತ್ತರಿಸಿ, ಕಣ್ಣು ಉಳಿದಿದೆ, ಎಷ್ಟು ಸ್ಪಷ್ಟ ಕಂಡೀತು ಎಂಬುದನ್ನು ಇನ್ನು ನೀವೇ ನೋಡುತ್ತ ಹೋಗಬೇಕು ಎಂದರು. ಅಕ್ಕನ ಪ್ರಶ್ನೆ ಒಂದೇ ಇತ್ತು, ಹೊಲಿಯಬಹುದೋ? ಅವರು ಮತ್ತೆ “ನೋಡೋಣ” ಎಂದರು.

“ಹೊಲಿಗಿ ಆಮ್ಯಾಲ. ಮೊದಲ ಒಂದ ಖರೇ ಹಕ್ಕಿ ನೋಡೂನು,” ಎಂದಳು ಅಕ್ಕ.

ಮನೋಳಿಯ ಹತ್ತಿರ ಮಲಪ್ರಭೆಯ ಹಿನ್ನೀರಿಗೆ ಚಳಿಗಾಲದಲ್ಲಿ ಹಕ್ಕಿ ಬರುತ್ತವೆ ಎಂದು ನಮ್ಮ ಡ್ರೈವರೊಬ್ಬರು ಹೇಳಿದ್ದರು. ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋದೆವು. ಧೂಳು ಬೀಳದಿರಲೆಂದು ನಾನು ಅಕ್ಕನಿಗೆ ಚಷ್ಮಾದ ಮೇಲೊಂದು ಚಷ್ಮಾ ಹಾಕಿಸಿದ್ದೆ. ಕಡಲೆ ಹೊಲ ದಾಟುವಷ್ಟರಲ್ಲಿ ಎರಡನೆಯದನ್ನು ತೆಗೆದು ನನ್ನ ಜೇಬಿಗೆ ತುರುಕಿದಳು. ದೂರ ನೀರಿನ ಮೇಲೆ ಹೆಬ್ಬಾತುಗಳು ಬೂದಿ ಬಣ್ಣದ ಗುಂಪಾಗಿ ಕುಳಿತಿದ್ದವು. ಹತ್ತಿರದ ಹಸಿ ಮಣ್ಣಿನಲ್ಲಿ ಕರಿರೆಕ್ಕೆಯ, ಬಿಳಿ ಹೊಟ್ಟೆಯ ಒಂದೇ ಒಂದು ಮೆಟ್ಟುಗಾಲು ಹಕ್ಕಿ. ಅದರ ಉದ್ದನೆಯ ಗುಲಾಬಿ ಕಾಲು ಊದಿನಕಡ್ಡಿಯಂತಿತ್ತು.

ಅಕ್ಕ ಅಂಗೈಯಿಂದ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡತೊಡಗಿದಳು.

“ಕಾಣತೈತಿ,” ಎಂದಳು. “ಕೊಕ್ಕ ಕಾಣತೈತಿ. ಕೆಂಪ ಕಾಲ ಕಾಣತಾವ.” ಆಮೇಲೆ ದನಿ ಇಳಿಯಿತು. “ತಮ್ಮಾ, ಅದರ ಕಾಲು ನಡಕ ಡೊಂಕ ಐತೋ, ನನಗ ಡೊಂಕ ಕಾಣತೈತೋ?”

ಏನೂ ಆಗಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನೀರಿನಲ್ಲಿ ನಿಂತ ಕಾಲು ಎಲ್ಲರಿಗೂ ಡೊಂಕಾಗಿಯೇ ಕಾಣುತ್ತದೆ ಎನ್ನಬಹುದಿತ್ತು. ಆದರೆ ಹಕ್ಕಿ ನಿಂತದ್ದು ಮಣ್ಣಿನ ಮೇಲೆ.

“ಕಾಲು ನೆಟ್ಟಗ ಐತಿ, ಅಕ್ಕಾ.”

ಅವಳು ಮತ್ತೆ ನೋಡಿದಳು. ಕೈ ಬದಲಿಸಿ ಬಲಗಣ್ಣು ಮುಚ್ಚಿದಳು, ಮಬ್ಬಿನಲ್ಲಿ ಹಕ್ಕಿ ಸಿಗಲಿಲ್ಲವೇನೋ, ಮತ್ತೆ ತೆರೆದಳು. ದಂಡೆಯ ಕರೆಂಟ್ ಕಂಬ ನೋಡಿದಳು. ಬದುವಿನ ಅಂಚು ನೋಡಿದಳು. ಎಷ್ಟು ಹೊತ್ತು ಎಂದರೆ, ಹಕ್ಕಿ ನಾಲ್ಕು ಹೆಜ್ಜೆ ನಡೆದು ಮಣ್ಣಿನಲ್ಲಿ ಕೊಕ್ಕು ಆಡಿಸಿ ಮತ್ತೆ ನಿಂತಿತು.

“ಸುಳ್ಳ ಹೇಳತಿ ಅಂತ ಮಾಡಿದ್ನಿ,” ಎಂದಳು.

“ಹೇಳಬೇಕಂತ ಮಾಡಿದ್ನಿ.”

“ಹಂ.” ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದಳು, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎಳೆಯುವ ಹಾಗೆ. “ನೆಟ್ಟಗಿದ್ದದ್ದು ಎಷ್ಟ ಡೊಂಕ ಕಾಣತೈತಿ ಅಂತ ಗೊತ್ತಾತಲ್ಲ. ಅಷ್ಟ ಲೆಕ್ಕ ಹಿಡದ ಹೊಲೀತೇನಿ. ಹುಕ್ಕ ಹಚ್ಚೂದು ಆಗಲಿಕ್ಕಿಲ್ಲ. ಹುಕ್ಕಿಗೆ ಯಾರನರ ಇಟ್ಕೋತೇನಿ.”

ಆಮೇಲೆ ನನ್ನ ಕಡೆ ತಿರುಗಿದಳು. “ಅಲ್ಲಿ ನಿಂದ್ರು. ನಿನ್ನ ನೋಡತೇನಿ.”

ನಾನು ಹೋಗಿ ಬದುವಿನ ಮೇಲೆ ಕೈ ಪಕ್ಕಕ್ಕೆ ಇಟ್ಟು ನೆಟ್ಟಗೆ ನಿಂತೆ. ಅವಳು ಎಡಗಣ್ಣು ಮುಚ್ಚಿ, ತಲೆ ಓರೆ ಮಾಡಿ, ಅಡಿಯಿಂದ ಮುಡಿಯತನಕ ನೋಡಿದಳು.

“ನೀ ಮೊದಲಿಂದ ಡೊಂಕ. ನಿನ್ನ ಲೆಕ್ಕ ಹಿಡ್ಯಾಕ ಬರೂದಿಲ್ಲ,” ಎಂದಳು.

ಆದರೂ ಕಣ್ಣಿನ ಮೇಲಿನ ಕೈ ಇಳಿಸಲಿಲ್ಲ. ನಾನೂ ಅಲುಗದೆ ನಿಂತಿದ್ದೆ, ಅವಳು ನೋಡಿ ಮುಗಿಸುವವರೆಗೆ.